ಅಳಲೆಕಾಯಿಯ ಒಗರು: ರೋಗಾಣುವಿನೆದುರು ಅದರ ಬಲ, ಅದರ ಮಿತಿ

ಗ್ರಂಥಿಗೆ ಅಂಗಡಿಯ ಸಾಲು ಡಬ್ಬಗಳಲ್ಲಿ ಕಣ್ಣಿಗೆ ಅತ್ಯಂತ ಬಡವಾಗಿ ಕಾಣುವ ವಸ್ತು ಅಳಲೆಕಾಯಿ. ಒಣಗಿ ಸುಕ್ಕುಗಟ್ಟಿದ ಮೈ, ಉದ್ದಕ್ಕೂ ಎದ್ದು ನಿಂತ ಐದು ಏಣುಗಳು, ಮಾಸಿದ ಕಂದು ಬಣ್ಣ. ಏಲಕ್ಕಿಯ ಪರಿಮಳವಾಗಲಿ ಕೇಸರಿಯ ಚೆಲುವಾಗಲಿ ಅದಕ್ಕಿಲ್ಲ. ಆದರೂ ಬಾಣಂತಿಯ ಕೋಣೆಯ ತೇಯುವ ಕಲ್ಲಿನ ಬಳಿ, ಕೆಮ್ಮುವ ಹಿರಿಯರ ದವಡೆಯಲ್ಲಿ, ಪಂಡಿತರ ಚೂರ್ಣದ ಭರಣಿಯಲ್ಲಿ ಅದಕ್ಕೆ ತಪ್ಪದ ಸ್ಥಾನವಿದೆ. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ಹಿರಡೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಹರೀತಕಿ, ಅಭಯಾ, ಪಥ್ಯಾ ಎಂಬ ಹೆಸರುಗಳಿವೆ. ಸಸ್ಯಶಾಸ್ತ್ರಜ್ಞರು ಟರ್ಮಿನೇಲಿಯಾ ಚೆಬುಲಾ ಎಂದು ಕರೆಯುತ್ತಾರೆ.

ಈಚೆಗೆ ಈ ಕಾಯಿಯ ಹೆಸರು ಮೊಬೈಲ್ ಸಂದೇಶಗಳಲ್ಲಿಯೂ ಓಡಾಡತೊಡಗಿದೆ. ಪ್ರತಿಜೈವಿಕ ಔಷಧಗಳಿಗೆ, ಅಂದರೆ ಆಂಟಿಬಯೋಟಿಕ್ ಮಾತ್ರೆಗಳಿಗೆ ಬಗ್ಗದ ರೋಗಾಣುಗಳನ್ನು ಅಳಲೆಕಾಯಿ ಕೊಲ್ಲುತ್ತದೆಂದು ವಿಜ್ಞಾನಿಗಳೇ ಒಪ್ಪಿದ್ದಾರೆ, ಆದ್ದರಿಂದ ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎಂಬುದು ಆ ಸಂದೇಶಗಳ ತಾತ್ಪರ್ಯ. ಇದು ನಿಜವೇ ಎಂಬ ಪ್ರಶ್ನೆ ಸದ್ಭಕ್ತರ ಮನಸ್ಸಿನಲ್ಲಿ ಏಳುವುದು ಸಹಜ. ಸಂದೇಶದ ಮೊದಲರ್ಧಕ್ಕೆ ಆಧಾರವಿದೆ, ಎರಡನೆಯ ಅರ್ಧ ಅಪಾಯಕಾರಿ. ಈ ಎರಡರ ನಡುವಿನ ಅಂತರವನ್ನು ತಿಳಿದುಕೊಂಡ ಮನೆಯಲ್ಲಿ ಒಂದು ಜೀವ ಉಳಿಯಬಹುದು. ಆದ್ದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ತುಸು ವಿಸ್ತಾರವಾಗಿ ನೋಡೋಣ.

ಚರ್ಮ ಹದಮಾಡಿದ ಕಾಯಿ, ಮಸಿಯಾದ ಕಾಯಿ

ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನದ ವಿಚಾರದಿಂದ. ಅದರ ಮೊದಲ ಪಾದದ ಹೆಸರಿನಲ್ಲಿಯೇ ಅಭಯಾ ಮತ್ತು ಆಮಲಕಗಳು, ಎಂದರೆ ಅಳಲೆ ಮತ್ತು ನೆಲ್ಲಿ, ಜೊತೆಯಾಗಿ ಕುಳಿತಿವೆ. ಇವೆರಡಕ್ಕೆ ತಾರೆಕಾಯಿ ಸೇರಿದರೆ ತ್ರಿಫಲ. ಆರು ರಸಗಳಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದೂ ಅಳಲೆಯಲ್ಲಿವೆಯೆಂದು ಆಯುರ್ವೇದ ಹೇಳುತ್ತದೆ. ಆದರೆ ನಾಲಗೆಗೆ ಮೊದಲು ತಿಳಿಯುವುದು ಅದರ ಒಗರು. ಚೂರನ್ನು ಬಾಯಿಗೆ ಹಾಕಿಕೊಂಡೊಡನೆ ನಾಲಗೆ ಬಿಗಿದಂತಾಗುತ್ತದೆ, ಒಸಡು ಒಣಗಿದಂತಾಗುತ್ತದೆ. ಈ ಒಗರಿನಲ್ಲಿಯೇ ಕಾಯಿಯ ಗುಟ್ಟು ಅಡಗಿದೆ.

ಒಗರಿಗೆ ಕಾರಣವಾದ ದ್ರವ್ಯಗಳಿಗೆ ಟ್ಯಾನಿನ್ ಎಂದು ಹೆಸರು. ಒಣಗಿದ ಅಳಲೆಯ ತಿರುಳಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಟ್ಯಾನಿನ್ನೇ ಇರುತ್ತದೆ. ಟ್ಯಾನಿನ್ನಿನ ಸ್ವಭಾವವನ್ನು ರಸಾಯನಶಾಸ್ತ್ರ ಹುಟ್ಟುವ ಮೊದಲೇ ನಮ್ಮ ಕಾಯಕಜೀವಿಗಳು ಅರಿತಿದ್ದರು. ಹಸಿ ತೊಗಲನ್ನು ಅಳಲೆಯ ನೀರಿನಲ್ಲಿ ನೆನೆಸಿದರೆ ಅದು ಕೊಳೆಯದೆ ಹದವಾದ ಚರ್ಮವಾಗುತ್ತದೆ. ಟ್ಯಾನಿನ್ ತೊಗಲಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಅಳಲೆಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿದರೆ ಅಳಿಸಲಾಗದ ಕಪ್ಪು ಮಸಿಯಾಗುತ್ತದೆ. ಅನ್ನಭೇದಿಯಲ್ಲಿರುವ ಕಬ್ಬಿಣವನ್ನು ಟ್ಯಾನಿನ್ ಹಿಡಿಯುವುದರಿಂದ ಆ ಕಪ್ಪು ಬಣ್ಣ ಬರುತ್ತದೆ.

ಪ್ರೋಟೀನನ್ನು ಹಿಡಿಯುವುದು, ಕಬ್ಬಿಣವನ್ನು ಹಿಡಿಯುವುದು: ಈ ಎರಡು ಗುಣಗಳನ್ನು ಓದುಗರು ನೆನಪಿನಲ್ಲಿಡಬೇಕು. ರೋಗಾಣುವಿನ ಮೈಯೂ ಪ್ರೋಟೀನಿನಿಂದ ಕೂಡಿದ್ದು. ಬಹುತೇಕ ರೋಗಾಣುಗಳಿಗೆ ಬೆಳೆಯಲು ಕಬ್ಬಿಣವೂ ಬೇಕು. ಟ್ಯಾನಿನ್ ಅವುಗಳ ಹೊರಪದರ ಮತ್ತು ಕಿಣ್ವಗಳಿಗೆ ಅಂಟಿಕೊಳ್ಳುತ್ತದೆ, ಸುತ್ತಲಿನ ಕಬ್ಬಿಣವನ್ನು ಕಸಿದುಕೊಳ್ಳುತ್ತದೆ. ಮರವು ತನ್ನ ಕಾಯಿಯನ್ನು ಹುಳು, ಬೂಷ್ಟು, ಕೊಳೆತಗಳಿಂದ ಕಾಪಾಡಿಕೊಳ್ಳಲು ಮಾಡಿಕೊಂಡ ಏರ್ಪಾಡು ಇದು.

ಕಾಯಿಯಿಂದ ಸತ್ವವನ್ನು ಬೇರ್ಪಡಿಸುವ ಬಗೆ

ಒಂದು ಕಾಯಿಯಲ್ಲಿ ನೂರಾರು ದ್ರವ್ಯಗಳಿರುತ್ತವೆ. ಅವುಗಳಲ್ಲಿ ರೋಗಾಣುವನ್ನು ತಡೆಯುವುದು ಯಾವುದು ಎಂಬುದನ್ನು ವಿಜ್ಞಾನಿಗಳು ತಾಳ್ಮೆಯಿಂದ ಹುಡುಕುತ್ತಾರೆ. ಬೀಜ ತೆಗೆದ ತಿರುಳನ್ನು ಪುಡಿಮಾಡಿ ನೀರು ಅಥವಾ ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಬಳಿಕ ಗಾಜಿನ ತಟ್ಟೆಯಲ್ಲಿ ಲೋಳೆಯಂಥ ಆಹಾರವನ್ನು ಹರಡಿ, ಅದರ ಮೇಲೆ ರೋಗಾಣುವನ್ನು ಬಿತ್ತಿ, ನಡುವೆ ಸಾರದ ಹನಿಯನ್ನು ಇಡುತ್ತಾರೆ. ಒಂದು ದಿನ ಬೆಚ್ಚಗಿಟ್ಟರೆ ತಟ್ಟೆಯ ತುಂಬ ರೋಗಾಣು ಮಂಜಿನಂತೆ ಬೆಳೆದಿರುತ್ತದೆ. ಸಾರಕ್ಕೆ ಶಕ್ತಿಯಿದ್ದರೆ ಹನಿಯ ಸುತ್ತ ಮಾತ್ರ ಒಂದು ತಿಳಿಯಾದ ಬಳೆ ಕಾಣುತ್ತದೆ. ಅನಂತರ ಸಾರವನ್ನು ಹಲವು ಭಾಗಗಳಾಗಿ ಬಿಡಿಸಿ, ಯಾವ ಭಾಗದಲ್ಲಿ ಬಳೆ ಮೂಡುವುದೋ ಅದನ್ನೇ ಮತ್ತೆ ಬಿಡಿಸುತ್ತ ಕಡೆಗೆ ಶುದ್ಧವಾದ ಒಂದೇ ದ್ರವ್ಯವನ್ನು ತಲುಪುತ್ತಾರೆ.

ಹೀಗೆ ಅಳಲೆಯಿಂದ ಬೇರ್ಪಟ್ಟ ದ್ರವ್ಯಗಳು ಹಲವು. ಕಾಯಿಯ ಹೆಸರನ್ನೇ ಹೊತ್ತ ಚೆಬುಲಾಜಿಕ್ ಆಮ್ಲ ಮತ್ತು ಚೆಬುಲಿನಿಕ್ ಆಮ್ಲ, ಇವುಗಳಿಗಿಂತ ಚಿಕ್ಕದಾದ ಗ್ಯಾಲಿಕ್ ಆಮ್ಲ, ನೆಲ್ಲಿಯಲ್ಲಿಯೂ ಇರುವ ಎಲಾಜಿಕ್ ಆಮ್ಲ ಮತ್ತು ಕೊರಿಲಾಜಿನ್ ಇವುಗಳಲ್ಲಿ ಮುಖ್ಯವಾದವು. 1997ರಲ್ಲಿ ಜಪಾನಿನ ಸಂಶೋಧಕರು ಅಳಲೆಯ ಸಾರದಿಂದ ಗ್ಯಾಲಿಕ್ ಆಮ್ಲವನ್ನೂ ಅದರ ಈಥೈಲ್ ಎಸ್ಟರನ್ನೂ ಶುದ್ಧಗೊಳಿಸಿ, ಅವು ಎಂ.ಆರ್.ಎಸ್.ಎ. ಎಂಬ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ತಡೆಯುತ್ತವೆಂದು ಪ್ರಕಟಿಸಿದರು. ಹುಣ್ಣು ಕುರುಗಳಿಂದ ಹಿಡಿದು ರಕ್ತದ ನಂಜಿನವರೆಗೆ ತೊಂದರೆ ಕೊಡುವ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣುವಿನ ಬಗ್ಗದ ಕುಲವೇ ಈ ಎಂ.ಆರ್.ಎಸ್.ಎ. ಮೊಬೈಲ್ ಸಂದೇಶಗಳು ಇಂಥ ಸಂಶೋಧನೆಗಳ ನೆರಳು.

2001ರಲ್ಲಿ ಇರಾನಿನ ವಿಜ್ಞಾನಿಗಳು ಅಳಲೆಯ ನೀರಿನ ಸಾರವನ್ನು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವಿನ ಮೇಲೆ ಪರೀಕ್ಷಿಸಿದರು. ಜಠರದ ಹುಣ್ಣಿಗೆ ಈ ರೋಗಾಣುವೂ ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಒಂದು ಲೀಟರಿಗೆ 125 ಮಿಲಿಗ್ರಾಂ ಅಳಲೆಯ ಸಾರವಿದ್ದರೆ ಈ ರೋಗಾಣು ಬೆಳೆಯಲಾರದೆಂದು ಇರಾನಿನ ಪರೀಕ್ಷೆ ತೋರಿಸಿತು. ಸಾರವನ್ನು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೂ ಅದರ ಶಕ್ತಿ ಉಳಿಯಿತು. ಅಳಲೆಯನ್ನು ಕುದಿಸಿ ಕಷಾಯ ಮಾಡುವ ನಮ್ಮ ರೂಢಿಯಲ್ಲಿ ಸತ್ವ ಸುಟ್ಟುಹೋಗುವುದಿಲ್ಲವೆಂಬುದಕ್ಕೆ ಇದೊಂದು ಪುಷ್ಟಿ.

ಗಾಜಿನ ತಟ್ಟೆಯಿಂದ ದೇಹಕ್ಕೆ ಎಷ್ಟು ದೂರ?

ಇಲ್ಲಿಯವರೆಗಿನದು ಸಂತೋಷದ ಮಾತು. ಇನ್ನು ಎಚ್ಚರದ ಮಾತು.

ಗಾಜಿನ ತಟ್ಟೆಯಲ್ಲಿ ರೋಗಾಣುವೂ ಸಾರವೂ ಎದುರುಬದುರಾಗಿರುತ್ತವೆ. ದೇಹದಲ್ಲಿ ಹಾಗಲ್ಲ. ಪುಪ್ಪುಸದಲ್ಲಿ ನೆಲೆಸಿದ ರೋಗಾಣುವನ್ನು ಮುಟ್ಟಬೇಕಾದರೆ, ನುಂಗಿದ ಔಷಧ ಕರುಳಿನ ಗೋಡೆಯನ್ನು ದಾಟಿ, ಯಕೃತ್ತನ್ನು ಹಾದು, ರಕ್ತದಲ್ಲಿ ಬೆರೆತು, ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಹೊತ್ತು ಅಲ್ಲಿ ನಿಲ್ಲಬೇಕು. ಅಳಲೆಯ ದೊಡ್ಡ ಟ್ಯಾನಿನ್ನುಗಳಿಗೆ ಮೊದಲನೆಯ ಬಾಗಿಲೇ ತೆರೆಯುವುದಿಲ್ಲ. ಅವು ಕರುಳಿನಲ್ಲಿ ಹಾಗೆಯೇ ಹೀರಲ್ಪಡುವುದು ಅತ್ಯಲ್ಪ. ಕರುಳಿನ ಸ್ವಂತ ಸೂಕ್ಷ್ಮಜೀವಿಗಳು ಅವನ್ನು ಒಡೆದು ಯುರೊಲಿಥಿನ್ ಮುಂತಾದ ಬೇರೆಯೇ ದ್ರವ್ಯಗಳನ್ನಾಗಿ ಮಾಡುತ್ತವೆ. ಚಿಕ್ಕದಾದ ಗ್ಯಾಲಿಕ್ ಆಮ್ಲ ರಕ್ತ ಸೇರುತ್ತದೆ, ನಿಜ. ಆದರೆ ದೇಹ ಅದನ್ನು ಬೇಗನೆ ರೂಪ ಬದಲಿಸಿ ಮೂತ್ರದ ಮೂಲಕ ಹೊರಹಾಕುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡೋಣ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಮೇಲೆ ಹೇಳಿದ 125 ಮಿಲಿಗ್ರಾಮಿನ ಪ್ರಮಾಣ ಅಷ್ಟೂ ರಕ್ತದಲ್ಲಿರಬೇಕಾದರೆ 625 ಮಿಲಿಗ್ರಾಂ ಸಾರ ಹೊಟ್ಟೆಯಲ್ಲಲ್ಲ, ರಕ್ತದಲ್ಲಿಯೇ ಕರಗಿರಬೇಕು. ಹೀರಲ್ಪಡದ ದ್ರವ್ಯ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಅದೇ ಹೆಲಿಕೊಬ್ಯಾಕ್ಟರಿನ ಬಗ್ಗುವ ಕುಲಗಳನ್ನು ತಡೆಯಲು ಅಮಾಕ್ಸಿಸಿಲಿನ್ ಎಂಬ ಔಷಧ ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ ಸಾಕು. ಅದು ಕರುಳಿನಿಂದ ಚೆನ್ನಾಗಿ ಹೀರಲ್ಪಡುತ್ತದೆ ಕೂಡ.

ಆದ್ದರಿಂದ ನಾವು ತಿಳಿಯಬೇಕಾದ ಸೂತ್ರ ಇಷ್ಟೇ: ಅಳಲೆಯ ಸತ್ವ ಎಲ್ಲಿ ನೇರವಾಗಿ ತಾಗುವುದೋ ಅಲ್ಲಿ ಅದರ ಕೆಲಸವನ್ನು ನಿರೀಕ್ಷಿಸಬಹುದು. ತಾಗಲಾರದ ಪುಪ್ಪುಸ, ಮೂತ್ರಪಿಂಡ, ಮೆದುಳು, ಮೂಳೆ, ರಕ್ತಗಳ ಸೋಂಕಿಗೆ ಅದನ್ನು ನಂಬಿ ಕೂರಬಾರದು. ಜಠರದ ಹುಣ್ಣು ತಾಗುವ ಜಾಗವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲಿಯೂ ರೋಗಾಣು ದಪ್ಪನೆಯ ಲೋಳೆಯ ಪದರದೊಳಗೆ ಅವಿತಿರುತ್ತದೆ. ಅದಕ್ಕೆ ವೈದ್ಯರು ಹಲವು ಔಷಧಗಳನ್ನು ಒಟ್ಟಿಗೆ, ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ತಟ್ಟೆಯಲ್ಲಿ ಕಂಡ ಗೆಲುವನ್ನು ಆ ಚಿಕಿತ್ಸೆಗೆ ಬದಲಿಯೆಂದು ಭಾವಿಸಲಾಗದು.

ಬೆಳಗಾವಿಯ ಶಾಲಾಮಕ್ಕಳ ಪ್ರಯೋಗ

ನೇರವಾಗಿ ತಾಗುವ ಜಾಗಗಳಲ್ಲಿ ಮೊದಲನೆಯದು ಬಾಯಿ. ಹಲ್ಲಿನ ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ರೋಗಾಣು ನಾವು ತಿಂದ ಸಕ್ಕರೆಯನ್ನು ಹುಳಿಯಾಗಿಸಿ ಹಲ್ಲನ್ನು ಕರಗಿಸುತ್ತದೆ. ನಮ್ಮ ಬೆಳಗಾವಿಯಲ್ಲಿಯೇ ದಂತವೈದ್ಯ ಸಂಶೋಧಕರು 12ರಿಂದ 15 ವರ್ಷದ ಶಾಲಾಮಕ್ಕಳಿಗೆ ಅಳಲೆಯ ಸಾರದಿಂದ ತಯಾರಿಸಿದ ದ್ರವದಿಂದ ಬಾಯಿ ಮುಕ್ಕಳಿಸಲು ಕೊಟ್ಟು, ಜೊಲ್ಲಿನಲ್ಲಿ ಈ ರೋಗಾಣುವಿನ ಸಂಖ್ಯೆಯನ್ನು ಅಳೆದು, ಅದು ತಗ್ಗಿದ್ದನ್ನು 2012ರಲ್ಲಿ ಪ್ರಕಟಿಸಿದರು. ಇದು ತಟ್ಟೆಯ ಪ್ರಯೋಗವಲ್ಲ, ಮನುಷ್ಯರ ಬಾಯಿಯಲ್ಲಿಯೇ ನಡೆದದ್ದು. ಯಾರಿಗೆ ಯಾವ ದ್ರವವೆಂಬುದನ್ನು ಆಯ್ಕೆಗೆ ಬಿಡದೆ ಯಾದೃಚ್ಛಿಕವಾಗಿ ಹಂಚಿದ ಪರೀಕ್ಷೆಯೂ ಹೌದು. ಆದ್ದರಿಂದಲೇ ಇಂಥ ಅಧ್ಯಯನಗಳಿಗೆ ಹೆಚ್ಚಿನ ತೂಕ.

ಮನೆಯಲ್ಲಿ ಮಾಡಿಕೊಳ್ಳುವ ವಿಧಾನ ಸರಳ. ಬೀಜ ತೆಗೆದ ಅಳಲೆಯ ಪುಡಿ ಒಂದು ಚಿಕ್ಕ ಚಮಚ, ನೀರು ಎರಡು ಲೋಟ. ಸ್ಟೀಲಿನ ಪಾತ್ರೆಯಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಬಾಯಿಯಲ್ಲಿ ಅರ್ಧ ನಿಮಿಷ ಹಿಡಿದು ಮುಕ್ಕಳಿಸಿ ಉಗುಳಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಮಸಿಯಂತೆ ಕಪ್ಪಾಗುತ್ತದೆ. ಕಾರಣವನ್ನು ಓದುಗರು ಈಗಾಗಲೇ ಬಲ್ಲರು. ಅಂದಂದಿನದನ್ನು ಅಂದಂದೇ ಮಾಡಿಕೊಳ್ಳುವುದು ಒಳ್ಳೆಯದು. ಬಹುದಿನ ಬಳಸಿದರೆ ಹಲ್ಲಿನ ಮೇಲೆ ತುಸು ಕಲೆ ಕಾಣಬಹುದು. ದಿನಕ್ಕೆರಡು ಬಾರಿ ಹಲ್ಲುಜ್ಜುವುದಕ್ಕೆ ಇದು ಜೊತೆಯೇ ಹೊರತು ಬದಲಿಯಲ್ಲ. ಆಗಲೇ ಹುಳುಕು ಕೊರೆದ ಹಲ್ಲನ್ನು ಯಾವ ಕಷಾಯವೂ ತುಂಬಿಕೊಡದು.

ಬಗ್ಗದ ರೋಗಾಣುಗಳ ಕಾಲ

ಹಾಗಾದರೆ ಈ ಕಾಯಿಗಳ ಸಂಶೋಧನೆಯನ್ನು ವಿಜ್ಞಾನಿಗಳು ಏಕೆ ಇಷ್ಟು ಶ್ರದ್ಧೆಯಿಂದ ನಡೆಸುತ್ತಿದ್ದಾರೆ? ಪ್ರತಿಜೈವಿಕ ಔಷಧಗಳು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುತ್ತಿರುವುದೇ ಕಾರಣ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡರು. 1945ರಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಸಾಲದ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಂದು ಎಚ್ಚರಿಸಿದರು. ಮೆಥಿಸಿಲಿನ್ ಎಂಬ ಔಷಧ ಬಳಕೆಗೆ ಬಂದು ಎರಡು ವರ್ಷ ಕಳೆಯುವುದರೊಳಗೆ, 1961ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. 2019ರ ಒಂದೇ ವರ್ಷದಲ್ಲಿ ಬಗ್ಗದ ರೋಗಾಣುಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ.

ಈ ಸಾವುಗಳಲ್ಲಿ ನಮ್ಮ ಮನೆಗಳ ಅಭ್ಯಾಸಗಳ ಪಾಲೂ ಇದೆ. ನೆಗಡಿ, ಸಾಮಾನ್ಯ ಶೀತಜ್ವರಗಳು ವೈರಾಣುವಿನಿಂದ ಬರುವಂಥವು. ಪ್ರತಿಜೈವಿಕಗಳು ವೈರಾಣುವನ್ನು ಮುಟ್ಟುವುದೇ ಇಲ್ಲ. ಆದರೂ ಔಷಧದಂಗಡಿಗೆ ಹೋಗಿ ಎರಡು ಮಾತ್ರೆ ಕೇಳಿ ತರುವುದು, ಜ್ವರ ಇಳಿದೊಡನೆ ನಿಲ್ಲಿಸುವುದು, ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಡುವುದು ನಡೆದೇ ಇದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬ ಗುರುತಿಗಾಗಿಯೇ ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿರುತ್ತದೆ. ಪ್ರಬಲವಾದ ಹಲವು ಪ್ರತಿಜೈವಿಕಗಳನ್ನು ಎಚ್1 ಎಂಬ ಅನುಸೂಚಿಗೆ ಸೇರಿಸಿ, ಮಾರಿದ ಲೆಕ್ಕವನ್ನು ಅಂಗಡಿಯವರು ಬರೆದಿಡಬೇಕೆಂಬ ನಿಯಮ ನಮ್ಮ ದೇಶದಲ್ಲಿ 2014ರ ಮಾರ್ಚಿನಿಂದ ಜಾರಿಯಲ್ಲಿದೆ.

ಇಲ್ಲಿ ಅಳಲೆಯಂಥ ಕಾಯಿಗಳ ನಿಜವಾದ ಉಪಕಾರ ಗೋಚರಿಸುತ್ತದೆ. ಗಂಟಲು ಕೆರೆತಕ್ಕೆ ಮುಕ್ಕಳಿಸಲು ಕಷಾಯ, ಸಣ್ಣ ಕೆಮ್ಮಿಗೆ ಬಾಯಲ್ಲೊಂದು ಚೂರು, ಮಲಬದ್ಧತೆಗೆ ರಾತ್ರಿ ತ್ರಿಫಲ: ಇವು ತಾವಾಗಿಯೇ ಗುಣವಾಗುವ ತೊಂದರೆಗಳಲ್ಲಿ ಹಿತ ಕೊಡುತ್ತವೆ, ಅನಗತ್ಯವಾದ ಮಾತ್ರೆಯನ್ನು ತಪ್ಪಿಸುತ್ತವೆ. ತಪ್ಪಿಸಿದ ಒಂದೊಂದು ಮಾತ್ರೆಯೂ ನಿಜವಾಗಿ ಬೇಕಾದ ದಿನಕ್ಕೆ ಔಷಧದ ಶಕ್ತಿಯನ್ನು ಕಾಯ್ದಿರಿಸುತ್ತದೆ. ಅಳಲೆಯಿಂದ ಬೇರ್ಪಡಿಸಿದ ದ್ರವ್ಯಗಳಿಂದ ಮುಂದೊಂದು ದಿನ ಹೊಸ ಔಷಧ ಬರಲೂಬಹುದು. ಚೀನಾದ ತು ಯೂಯೂ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಒಂದು ಮೂಲಿಕೆಯಿಂದ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ತೆಗೆದು 2015ರಲ್ಲಿ ನೊಬೆಲ್ ಪಡೆದರಲ್ಲವೇ? ಆದರೆ ಅಲ್ಲಿಯೂ ಸತ್ವವನ್ನು ಶುದ್ಧಗೊಳಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಔಷಧವಾಯಿತು.

ಯಾರಿಗೆ ಬೇಡ, ಯಾವಾಗ ಸಾಲದು

ಗರ್ಭಿಣಿಯರು, ತೀರ ಬಡಕಲಾದವರು, ಉಪವಾಸದಿಂದ ಬಳಲಿದವರು ಹರೀತಕಿಯನ್ನು ಸೇವಿಸಬಾರದೆಂದು ಆಯುರ್ವೇದವೇ ಹೇಳಿದೆ. ವ್ರತನಿಯಮಗಳನ್ನು ಆಚರಿಸುವ ನಮ್ಮ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ನುಂಗುವವರು ಅದರೊಡನೆ ಅಳಲೆ ಅಥವಾ ತ್ರಿಫಲ ಸೇವಿಸಿದರೆ ಟ್ಯಾನಿನ್ ಕಬ್ಬಿಣವನ್ನು ಹಿಡಿದು ಮಾತ್ರೆಯ ಪ್ರಯೋಜನವನ್ನು ತಗ್ಗಿಸುತ್ತದೆ. ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ನಿತ್ಯ ಔಷಧ ಸೇವಿಸುವವರು ಪ್ರತಿದಿನದ ಚೂರ್ಣವನ್ನು ಆರಂಭಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಎಳೆಗೂಸಿಗೆ ಅಳಲೆ ತೇಯ್ದು ನೆಕ್ಕಿಸುವ ರೂಢಿ ಹಲವು ಮನೆಗಳಲ್ಲಿದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂಬುದು ಇಂದಿನ ಮಕ್ಕಳ ವೈದ್ಯರ ಒಮ್ಮತದ ಮಾತು. ತೊಳೆಯದ ಕಲ್ಲು, ಕಾಯಿಸದ ನೀರುಗಳ ಮೂಲಕವೇ ರೋಗಾಣು ಕೂಸಿನ ಹೊಟ್ಟೆ ಸೇರಬಹುದು. ಅಜ್ಜಿಯರು ದಯವಿಟ್ಟು ಇದನ್ನು ಅಗೌರವವೆಂದು ಭಾವಿಸಬಾರದು.

ಇನ್ನು ಕಷಾಯದ ಪಾತ್ರೆಯನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಹೊತ್ತುಗಳು. ಕೆಮ್ಮಿರುವ ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಎದೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು, ತಡಮಾಡುವಂತಿಲ್ಲ. ಮಗು ಹಾಲು ನೀರು ಕುಡಿಯದಿದ್ದರೆ, ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಹಾಗೆಯೇ. ದೊಡ್ಡವರಲ್ಲಿ ಮೂರು ದಿನ ಮೀರಿದ ಜ್ವರ, ಚಳಿಯೊಡನೆ ಉರಿಮೂತ್ರ, ಎರಡು ವಾರ ದಾಟಿದ ಕೆಮ್ಮು, ಹಿರಿಯರಲ್ಲಿ ಹಠಾತ್ತಾಗಿ ಮೂಡಿದ ಗಲಿಬಿಲಿ ಇವೆಲ್ಲ ವೈದ್ಯರು ನೋಡಬೇಕಾದವು. ಸಕ್ಕರೆ ಕಾಯಿಲೆಯಿರುವವರ ಕಾಲಿನ ಗಾಯವನ್ನಂತೂ ಎಷ್ಟು ಚಿಕ್ಕದಾದರೂ ಲೇಪ ಹಚ್ಚಿ ಕಟ್ಟಿ ಮರೆಯಬಾರದು. ಅಲ್ಲಿ ನೋವು ತಿಳಿಯದು, ಲೇಪದ ಕೆಳಗೆ ಕೀವು ಮೂಳೆಯವರೆಗೆ ಇಳಿದಿರುತ್ತದೆ. ವೈದ್ಯರು ಪ್ರತಿಜೈವಿಕ ಕೊಟ್ಟರೆ ಹೇಳಿದಷ್ಟು ಹೊತ್ತಿಗೆ, ಹೇಳಿದಷ್ಟು ದಿನ ತಪ್ಪದೆ ಸೇವಿಸಬೇಕು. ಮನೆಯಲ್ಲಿ ಅಳಲೆ, ತ್ರಿಫಲ ಏನನ್ನು ಸೇವಿಸುತ್ತಿದ್ದರೂ ಸಂಕೋಚವಿಲ್ಲದೆ ಅವರಿಗೆ ಹೇಳಬೇಕು.

ಕೊಳ್ಳುವಾಗ ಹುಳು ತಿನ್ನದ, ತೂಕವುಳ್ಳ, ನೀರಿಗೆ ಹಾಕಿದರೆ ಮುಳುಗುವ ಇಡೀ ಕಾಯಿಯನ್ನು ಆರಿಸಿ ಮನೆಯಲ್ಲಿಯೇ ಪುಡಿಮಾಡಿಕೊಳ್ಳುವುದು ಉತ್ತಮ. ಏನು ಬೆರೆತಿದೆಯೆಂದು ತಿಳಿಯದ ಪುಡಿಗಿಂತ ಅದು ಮೇಲು. ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ ಜಾಗವುಳ್ಳ ಭಕ್ತರು ಈ ಮಳೆಗಾಲದಲ್ಲಿ ಒಂದು ಅಳಲೆಯ ಸಸಿಯನ್ನು ನೆಡಲಿ. ಅದು ನಿಧಾನವಾಗಿ ಬೆಳೆಯುವ ಮರ. ನೆಟ್ಟವರಿಗಿಂತ ಹೆಚ್ಚಾಗಿ ಅವರ ಮಕ್ಕಳು ಮೊಮ್ಮಕ್ಕಳಿಗೆ ಕಾಯಿ ಕೊಡುತ್ತದೆ. ಸಸಿಯ ಜೊತೆಗೆ, ಯಾವ ಕಾಯಿಲೆಗೆ ಕಷಾಯ ಸಾಕು, ಯಾವುದಕ್ಕೆ ವೈದ್ಯರೇ ಬೇಕು ಎಂಬ ತಿಳಿವಳಿಕೆಯನ್ನೂ ಅವರಿಗೆ ಬಿಟ್ಟುಹೋಗೋಣ.